ಮಗಳ ನೋಟ್‌ಬುಕ್ ಖಾಲಿ, ಬಾಯಿ ತುಂಬ ಪ್ರಶ್ನೆ: ಈ ಶಾಲೆಯಲ್ಲೇ ಮುಂದುವರಿಸಬಹುದೇ?

ಕೆಮ್ಮಣ್ಣಿನವ | ಫೆಬ್ರವರಿ 8, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯ ಕೆಮ್ಮಣ್ಣಿನ ಕಡೆಯವನು. ಮಗಳು ಐದನೆಯ ತರಗತಿ. ಎರಡು ವರ್ಷದ ಹಿಂದೆ ಅವಳನ್ನು ದೊಡ್ಡ ಶಾಲೆಯೊಂದರಿಂದ ಬಿಡಿಸಿ, ಮಕ್ಕಳು ತಾವೇ ಹುಡುಕಿ ಕಲಿಯಬೇಕು ಎನ್ನುವ ಚಿಕ್ಕ ಶಾಲೆಗೆ ಸೇರಿಸಿದೆವು. ಆಗ ನನಗೂ ಹೆಂಡತಿಗೂ ಬಹಳ ಉತ್ಸಾಹವಿತ್ತು. ಈಗ ಉತ್ಸಾಹ ಹೆಂಡತಿಯಲ್ಲಿ ಮಾತ್ರ ಉಳಿದಿದೆ.

ಕಾರಣ ಹೇಳುತ್ತೇನೆ. ಮೊನ್ನೆ ಅಣ್ಣನ ಮಗ ಮನೆಗೆ ಬಂದಿದ್ದ. ಅದೇ ತರಗತಿ, ಬೇರೆ ಶಾಲೆ. ಹದಿನೈದರ ಮಗ್ಗಿಯನ್ನು ಉಸಿರು ಬಿಡದೆ ಹೇಳಿದ. ಕರ್ನಾಟಕದ ಜಿಲ್ಲೆಗಳನ್ನು ಸಾಲಾಗಿ ಹೇಳಿದ. ನನ್ನ ಮಗಳಿಗೆ ಏಳೆಂಟಲಿ ಎಷ್ಟು ಎಂದು ಕೇಳಿದರೆ ಏಳೇಳಲಿ ನಲವತ್ತೊಂಬತ್ತಕ್ಕೆ ಏಳು ಕೂಡಿಸುತ್ತಾ ಕುಳಿತಳು. ಉತ್ತರ ಬಂತು, ಆದರೆ ಅಷ್ಟರಲ್ಲಿ ಅಣ್ಣನ ಮುಖದಲ್ಲಿ ಒಂದು ಕಿರುನಗೆ ಬಂದು ಹೋಗಿತ್ತು. ಅವಳ ನೋಟ್‌ಬುಕ್ ತೆರೆದರೆ ಅರ್ಧಕ್ಕೂ ಹೆಚ್ಚು ಪುಟ ಖಾಲಿ. ಉಳಿದವುಗಳಲ್ಲಿ ಬಾವಿಯ ಚಿತ್ರ.

ಬಾವಿಯ ವಿಷಯ ಏನೆಂದರೆ, ನಮ್ಮ ಮನೆಯ ಬಾವಿಯ ನೀರು ಬೇಸಿಗೆ ಹತ್ತಿರವಾದಂತೆ ಉಪ್ಪಾಗಲು ಶುರುವಾಗುತ್ತದೆ. ಸ್ವರ್ಣಾ ನದಿ ಹತ್ತಿರವೇ ಇದೆ, ಕಡಲೂ ದೂರವಿಲ್ಲ. ಶಾಲೆಯಲ್ಲಿ 'ನಿಮಗೆ ನಿಜವಾಗಿ ತಿಳಿಯಬೇಕಾದ ಒಂದು ಪ್ರಶ್ನೆ ತನ್ನಿ' ಎಂದರಂತೆ. ಇವಳು 'ನಮ್ಮ ಬಾವಿ ಉಪ್ಪಾಗುವುದು ಏಕೆ, ಪಕ್ಕದ ಮನೆಯದು ಏಕಾಗುವುದಿಲ್ಲ' ಎಂದು ಬರೆದುಕೊಂಡು ಹೋಗಿದ್ದಾಳೆ. ಮೂರು ವಾರದಿಂದ ಅದೇ ನಡೆಯುತ್ತಿದೆ. ಟೀಚರ್‌ಗೆ ಉತ್ತರ ಗೊತ್ತು ಎಂದು ನನಗೆ ಖಾತ್ರಿ. ಹೇಳುತ್ತಿಲ್ಲ! ಐದು ನಿಮಿಷದಲ್ಲಿ ಹೇಳಿ ಮುಗಿಸಬಹುದಾದುದಕ್ಕೆ ಮೂರು ವಾರ ಹಿಡಿದರೆ ಪಾಠ ಮುಗಿಯುವುದು ಯಾವಾಗ?

ಬರುವ ವರ್ಷ ಶಾಲೆ ಬದಲಿಸಬೇಕೇ ಎಂದು ಏಪ್ರಿಲ್ ಒಳಗೆ ತೀರ್ಮಾನಿಸಬೇಕು. ಅನುಭವ ಇದ್ದವರು ದಯವಿಟ್ಟು ಹೇಳಿ.

ನಿರ್ವಾಹಕ | ಫೆಬ್ರವರಿ 8, ರಾತ್ರಿ 10:05

ಒಳ್ಳೆಯ ವಿಷಯ. ಒಂದೇ ಕೋರಿಕೆ: ಯಾವ ಶಾಲೆಯ ಹೆಸರನ್ನೂ ಹಾಕಬೇಡಿ. ಹೋದ ಸಲ ಏನಾಯಿತೆಂದು ಎಲ್ಲರಿಗೂ ನೆನಪಿದೆ.

ಸುರತ್ಕಲ್ ಇಂಜಿನಿಯರ್ | ಫೆಬ್ರವರಿ 8, ರಾತ್ರಿ 10:40

ಅಣ್ಣಾ, ಬದಲಿಸಿ. ಕಹಿಯಾದರೂ ಹೇಳುತ್ತೇನೆ.

ನಾನು ಅನುದಾನಿತ ಕನ್ನಡ ಮಾಧ್ಯಮ ಶಾಲೆಯಲ್ಲಿ ಬಾಯಿಪಾಠ ಮಾಡಿಯೇ ಮೇಲೆ ಬಂದವನು. ಮಗ್ಗಿ ತಪ್ಪಿದರೆ ಬೆತ್ತ ಬೀಳುತ್ತಿತ್ತು. ಬೆತ್ತವನ್ನು ಸಮರ್ಥಿಸುವುದಿಲ್ಲ, ಮಗ್ಗಿಯನ್ನು ಸಮರ್ಥಿಸುತ್ತೇನೆ. ಇಂದಿಗೂ ಕೆಲಸದಲ್ಲಿ ಯಾರಾದರೂ ಒಂದು ಅಂಕಿ ಹೇಳಿದರೆ ಅದು ಸರಿಯೋ ತಪ್ಪೋ ಎಂದು ಮನಸ್ಸಿನಲ್ಲೇ ತಾಳೆ ನೋಡುತ್ತೇನೆ. ಮಗ್ಗಿ ಬಾಯಲ್ಲಿ ಇರುವುದರಿಂದಲೇ ಅದು ಸಾಧ್ಯ.

ಇದು ನನ್ನ ಹಟದ ಮಾತಲ್ಲ. 2006ರಲ್ಲಿ ಕಿರ್ಷ್‌ನರ್, ಸ್ವೆಲ್ಲರ್, ಕ್ಲಾರ್ಕ್ ಎಂಬ ಮೂವರು ಸಂಶೋಧಕರು ಇದೇ ವಿಷಯದ ಮೇಲೆ ಬರೆದ ಲೇಖನ ಬಹಳ ಚರ್ಚೆಯಾಯಿತು. ಒಂದೇ ಸಲಕ್ಕೆ ಮನಸ್ಸಿನಲ್ಲಿ ಹಿಡಿದುಕೊಳ್ಳಬಹುದಾದ ಸಂಗತಿಗಳು ಬಹಳ ಕಡಿಮೆ. ವಿಷಯಕ್ಕೆ ಹೊಸಬನಾದವನನ್ನು 'ನೀನೇ ಹುಡುಕು' ಎಂದು ಬಿಟ್ಟರೆ ಅವನ ಶಕ್ತಿಯೆಲ್ಲ ತಡಕಾಡುವುದರಲ್ಲೇ ಹೋಗುತ್ತದೆ, ಕಲಿಯಲು ಏನೂ ಉಳಿಯುವುದಿಲ್ಲ. ಪಳಗಿದವನಿಗೆ ಹುಡುಕಾಟ ಸರಿ, ಹೊಸಬನಿಗೆ ನೇರವಾಗಿ ತೋರಿಸಿಕೊಡಬೇಕು. ಅವರ ವಾದದ ಸಾರ ಇದು. ಹತ್ತು ವರ್ಷದ ಹುಡುಗಿ ಯಾವ ವಿಷಯದಲ್ಲಿ ಪಳಗಿರುತ್ತಾಳೆ?

ಬಾವಿಯ ಉತ್ತರ ಬೇಕಿದ್ದರೆ ನಾನೇ ಹೇಳುತ್ತೇನೆ. ಕಡಲಿನ ಹತ್ತಿರದ ನೆಲದಡಿಯಲ್ಲಿ ಸಿಹಿನೀರು ಉಪ್ಪುನೀರಿನ

ನಲಿಕಲಿ ಟೀಚರ್ | ಫೆಬ್ರವರಿ 8, ರಾತ್ರಿ 10:43

ಇಂಜಿನಿಯರ್ ಅವರೇ, ದಮ್ಮಯ್ಯ, ಅದನ್ನು ಹೇಳಬೇಡಿ. ಅಪ್ಪ ಓದಿದರೆ ನಾಳೆ ಬೆಳಗ್ಗೆ ತಿಂಡಿಯ ಹೊತ್ತಿಗೆ ಮಗಳಿಗೆ ಹೇಳಿಯೇ ಬಿಡುತ್ತಾರೆ. ಮೂರು ವಾರದ ಕೆಲಸ ನೀರಿಗೆ ಹೋಗುತ್ತದೆ.

ಸುರತ್ಕಲ್ ಇಂಜಿನಿಯರ್ | ಫೆಬ್ರವರಿ 8, ರಾತ್ರಿ 10:51

ಸರಿ, ಅರ್ಧಕ್ಕೆ ನಿಲ್ಲಿಸಿದ್ದೇನೆ. ಆದರೆ ನನ್ನ ತಕರಾರೇ ಇದು. ಗೊತ್ತಿರುವುದನ್ನು ಮುಚ್ಚಿಡುವುದು ಶಿಕ್ಷಣ ಹೇಗಾಯಿತು?

ನಲಿಕಲಿ ಟೀಚರ್ | ಫೆಬ್ರವರಿ 9, ಸಂಜೆ 6:20

ನಿನ್ನೆ ತಡವಾಗಿತ್ತು. ಈಗ ನಿಧಾನವಾಗಿ ಬರೆಯುತ್ತೇನೆ, ಉದ್ದವಾದರೆ ಕ್ಷಮಿಸಿ.

ನಾನು ಕಾರ್ಕಳದ ಕಡೆಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಕಲಿಸುತ್ತೇನೆ. ಒಟ್ಟು 17 ಮಕ್ಕಳು. 'ಮಕ್ಕಳ ಕೇಂದ್ರಿತ' ಎಂಬ ಫಲಕ ಹಾಕಿ ಲಕ್ಷದ ಮೇಲೆ ಶುಲ್ಕ ಕೇಳುವ ಶಾಲೆಗಳನ್ನು ಕಂಡಾಗ ನಮಗೆ ಸ್ವಲ್ಪ ನಗು ಬರುತ್ತದೆ. ಮಗು ತನ್ನದೇ ವೇಗದಲ್ಲಿ ಕಾರ್ಡು ಹಿಡಿದು ಕಲಿಯುವ ನಮ್ಮ ನಲಿ-ಕಲಿ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಶುರುವಾದದ್ದು. ಅಲ್ಲಿನ ಸರ್ಕಾರಿ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳಿಗೆ ಹೋಗಿ ನೋಡಿ ಬಂದು, ಕಾರ್ಡುಗಳನ್ನು ತಾವೇ ಬರೆದರು. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ಬಂತು. ಬಡವರ ಮಕ್ಕಳ ಶಾಲೆಯಲ್ಲೇ ಬೆಳೆದ ಪದ್ಧತಿ ಇದು.

ನಡೆಯುವ ಬಗೆ ಹೀಗೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಏಣಿಯಲ್ಲಿ ಮೈಲಿಗಲ್ಲುಗಳು, ಒಂದೊಂದು ಮೈಲಿಗಲ್ಲಿನಲ್ಲಿ ಹಲವು ಮೆಟ್ಟಿಲು, ಮೆಟ್ಟಿಲಿಗೊಂದು ಚಿಹ್ನೆ, ಚಿಹ್ನೆಗೆ ತಕ್ಕ ಕಾರ್ಡು. ಮಗು ಬೆಳಗ್ಗೆ ಬಂದು ತಾನು ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆ ಎಂದು ಏಣಿ ನೋಡಿ, ಮುಂದಿನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ. ಆ ಕಾರ್ಡಿನ ಚಿಹ್ನೆ ಎಲ್ಲಿ ಕೂರಬೇಕೆಂದು ಹೇಳುತ್ತದೆ. ಐದು ಗುಂಪುಗಳಿವೆ, ನಾವು ತಟ್ಟೆ ಎನ್ನುತ್ತೇವೆ. ಒಂದರಲ್ಲಿ ನಾನು ಪೂರ್ತಿ ಜೊತೆಗಿರುತ್ತೇನೆ, ಇನ್ನೊಂದರಲ್ಲಿ ಅಷ್ಟಿಷ್ಟು ನೆರವು ಕೊಡುತ್ತೇನೆ, ಮತ್ತೆರಡರಲ್ಲಿ ಜೊತೆಯ ಮಕ್ಕಳು ಹೇಳಿಕೊಡುತ್ತಾರೆ, ಕೊನೆಯದರಲ್ಲಿ ಮಗು ತಾನೇ ಮಾಡುತ್ತದೆ.

ಇಂಜಿನಿಯರ್ ಅವರು ಹೇಳಿದ ಆ ಮೂವರು ಸಂಶೋಧಕರ ಮಾತಿಗೆ ನನ್ನ ಉತ್ತರ ಈ ತಟ್ಟೆಗಳಲ್ಲಿದೆ. ಹೊಸ ಅಕ್ಷರ ಬಂದಾಗ ಮಗು ನನ್ನ ಮುಂದೆಯೇ ಕೂರುತ್ತದೆ. ಅಲ್ಲಿ ಹುಡುಕು ಎನ್ನುವುದಿಲ್ಲ, ಕೈ ಹಿಡಿದು ತಿದ್ದಿಸುತ್ತೇನೆ. ಅದೇ ಅಕ್ಷರ ಎಂಟನೆಯ ಕಾರ್ಡಿಗೆ ಬರುವಾಗ ಮಗು ಐದನೆಯ ತಟ್ಟೆಯಲ್ಲಿ ಒಬ್ಬಳೇ ಇರುತ್ತಾಳೆ. ಪೂರ್ತಿ ತೋರಿಸುವುದರಿಂದ ಪೂರ್ತಿ ಬಿಡುವವರೆಗೆ ಒಂದು ದಾರಿ ಇದೆ. ಯಾರು ಯಾವ ದಿನ ಆ ದಾರಿಯಲ್ಲಿ ಎಲ್ಲಿದ್ದಾರೆ ಎಂದು ತಿಳಿದಿರುವುದೇ ನನ್ನ ಕೆಲಸ. ನಿಂತು ಪಾಠ ಹೇಳುವುದಕ್ಕಿಂತ ಇದಕ್ಕೆ ಹೆಚ್ಚು ಶ್ರಮ ಬೇಕು, ಸೊಂಟ ಕೇಳಿ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಮೊದಲ ನಾಲ್ಕು ವರ್ಷ ನಾನು ನಲಿ-ಕಲಿಯನ್ನು ನಲಿ-ಕಲಿಯಾಗಿ ಮಾಡಲೇ ಇಲ್ಲ. ಭೇಟಿಗೆ ಬರುವವರು 'ಎಲ್ಲರೂ ಯಾವ ಮೈಲಿಗಲ್ಲಿನಲ್ಲಿದ್ದಾರೆ' ಎಂದು ಕೇಳುತ್ತಾರೆಂಬ ಹೆದರಿಕೆಯಿಂದ ಹದಿನೇಳೂ ಮಕ್ಕಳನ್ನು ಒಟ್ಟಿಗೇ ಮುಂದೆ ತಳ್ಳುತ್ತಿದ್ದೆ. ಏಣಿ ಗೋಡೆಯ ಮೇಲಿತ್ತು, ತರಗತಿ ಮಾತ್ರ ಹಳೆಯ ತರಗತಿಯೇ. ಒಂದು ದಿನ ಎರಡನೆಯ ತರಗತಿಯ ಹುಡುಗ 'ಟೀಚರ್, ಈ ಕಾರ್ಡು ನನ್ನದಲ್ಲ, ನನ್ನದು ಹಿಂದೆಯೇ ಉಳಿದಿದೆ' ಎಂದ. ನಾನು ಸುಮ್ಮನೆ ನಿಂತೆ. ಅವನು ಹೇಳಿದ್ದು ಸರಿ ಇತ್ತು.

ಕೆಮ್ಮಣ್ಣಿನ ಅಣ್ಣನವರೇ, ನಿಮ್ಮ ಮಗಳ ಟೀಚರ್ ಉತ್ತರ ಹೇಳದೆ ಏನು ಮಾಡುತ್ತಿದ್ದಾರೆ ಎಂದು ಕೇಳಿ ನೋಡಿ. ಸುಮ್ಮನೆ ಕುಳಿತಿದ್ದರೆ ಶಾಲೆ ಬದಲಿಸಿ. ಮುಂದಿನ ಸಣ್ಣ ಪ್ರಶ್ನೆ ಕೊಡುತ್ತಿದ್ದರೆ ಬಿಡಬೇಡಿ.

ಸ್ಟೇಷನರಿ ಅಂಗಡಿ | ಫೆಬ್ರವರಿ 9, ರಾತ್ರಿ 8:15

ನನ್ನದು ಜೆರಾಕ್ಸ್ ಮತ್ತು ಸ್ಟೇಷನರಿ ಅಂಗಡಿ. ಶಿಕ್ಷಣದ ಬಗ್ಗೆ ಮಾತನಾಡುವ ಅರ್ಹತೆ ನನಗಿದೆ, ಏಕೆಂದರೆ ಊರಿನ ಅರ್ಧ ಮಕ್ಕಳ ಪ್ರಾಜೆಕ್ಟ್ ಮಾಡಿಕೊಟ್ಟವನು ನಾನು.

ಜ್ವಾಲಾಮುಖಿ 450 ರೂಪಾಯಿ. ಮಳೆನೀರು ಕೊಯ್ಲು 600, ಮೋಟಾರ್ ಇದ್ದರೆ 850. ಸೌರಮಂಡಲ ಅಗ್ಗ, ಥರ್ಮೋಕೋಲ್ ಉಂಡೆಗಳು ಸಿದ್ಧವಿರುತ್ತವೆ. 'ನಮ್ಮ ಊರಿನ ಕಸದ ಸಮಸ್ಯೆ' ಎಂಬ ವರದಿ ಕಂಪ್ಯೂಟರಿನಲ್ಲಿ ಇದೆ, ಊರಿನ ಹೆಸರು ಮಾತ್ರ ಬದಲಿಸುತ್ತೇನೆ. ಹೋದ ವರ್ಷ ಒಮ್ಮೆ ಮರೆತು, ಬಜಪೆಯ ಹುಡುಗನ ವರದಿಯ ನಾಲ್ಕನೆಯ ಪುಟದಲ್ಲಿ ಪಡುಬಿದ್ರಿ ಎಂದೇ ಉಳಿದುಹೋಯಿತು. ಟೀಚರ್ ನೋಡಲಿಲ್ಲ, ಪೂರ್ಣ ಅಂಕ ಬಂತು. ಅಮ್ಮ ಬಂದು ಧನ್ಯವಾದ ಹೇಳಿ ಹೋದರು.

ರೂಪಣಾತ್ಮಕ ಮೌಲ್ಯಮಾಪನದ ವಾರ, ಅಂದರೆ ವರ್ಷದ ನಡುವೆ ಪ್ರಾಜೆಕ್ಟ್, ಚಟುವಟಿಕೆಗಳಿಗೆ ಅಂಕ ಕೊಡುವ ವಾರ, ನನಗೆ ಅಷ್ಟಮಿ, ಚೌತಿ ಎಲ್ಲ ಒಟ್ಟಿಗೆ ಬಂದಂತೆ. ನಿಮ್ಮ ಮಗಳು ಬಾವಿಯ ಬಗ್ಗೆ ನನ್ನ ಅಂಗಡಿಗೆ ಬರಲಿಲ್ಲವಲ್ಲ, ಅದು ನನ್ನ ವ್ಯಾಪಾರಕ್ಕೆ ನಷ್ಟ, ಅಷ್ಟೇ.

ಪಿಯು ಉಪನ್ಯಾಸಕ | ಫೆಬ್ರವರಿ 9, ರಾತ್ರಿ 9:30

ಅಂಗಡಿಯವರ ಮಾತಿಗೆ ನಗುತ್ತಲೇ ಹೊಟ್ಟೆಯೊಳಗೆ ಚುರುಕ್ಕೆಂದಿತು.

ಭೌತಶಾಸ್ತ್ರ ಕಲಿಸುತ್ತೇನೆ, ಮಂಗಳೂರಿನಲ್ಲಿ. ನಮ್ಮ ಎರಡು ಜಿಲ್ಲೆಗಳ ಫಲಿತಾಂಶದ ಹೆಮ್ಮೆ ನಿಮಗೆಲ್ಲ ಗೊತ್ತು. 2025ರ ಎಸ್‌ಎಸ್‌ಎಲ್‌ಸಿಯಲ್ಲಿ ಇಡೀ ರಾಜ್ಯದ ಫಲಿತಾಂಶ ಶೇ 62ರ ಆಸುಪಾಸಿನಲ್ಲಿದ್ದಾಗ ದಕ್ಷಿಣ ಕನ್ನಡ ಶೇ 91 ದಾಟಿ ಮೊದಲ ಸ್ಥಾನದಲ್ಲಿತ್ತು, ಉಡುಪಿ ಎರಡನೆಯದು. ಅದರ ಹಿಂದಿನ ವರ್ಷ ಉಡುಪಿ ಮೊದಲು, ನಾವು ಎರಡನೆಯವರು. ಇದು ಸುಳ್ಳು ಹೆಮ್ಮೆ ಎನ್ನುವುದಿಲ್ಲ. ಮೀನುಗಾರರ, ಬೀಡಿ ಕಟ್ಟುವವರ ಮನೆಯ ಮಕ್ಕಳು ಆ ಅಂಕಪಟ್ಟಿ ಹಿಡಿದೇ ಹೊರಗೆ ಬಂದಿದ್ದಾರೆ. ಪರೀಕ್ಷೆಯನ್ನು ಹೀಗಳೆಯುವುದು ಸುಲಭ, ಅದರಿಂದ ಬದುಕು ಕಟ್ಟಿಕೊಂಡವರ ಎದುರು ನಿಂತು ಹೀಗಳೆಯಿರಿ ನೋಡೋಣ.

ಆದರೆ ಆ ಶೇ 91ರೊಳಗಿನ ಮಕ್ಕಳೇ ಜೂನ್ ತಿಂಗಳಲ್ಲಿ ನನ್ನ ತರಗತಿಗೆ ಬರುತ್ತಾರೆ. ಮೊದಲ ದಿನ ಒಂದು ಪ್ರಶ್ನೆ ಕೇಳುತ್ತೇನೆ: ಓಡುವ ಬಸ್ಸಿನಲ್ಲಿ ಮೇಲಕ್ಕೆ ಎಸೆದ ನಾಣ್ಯ ಎಲ್ಲಿ ಬೀಳುತ್ತದೆ? ಎಂಬತ್ತು ಪೆನ್ನುಗಳು ಒಟ್ಟಿಗೆ ಎದ್ದು ನಿಲ್ಲುತ್ತವೆ. ಉತ್ತರ ಯೋಚಿಸಲು ಅಲ್ಲ, ನಾನು ಹೇಳುವುದನ್ನು ಬರೆದುಕೊಳ್ಳಲು. 'ನೀವು ಹೇಳಿ' ಎಂದರೆ ಪೆನ್ನುಗಳು ಕೆಳಗಿಳಿಯುತ್ತವೆ. ತರಗತಿ ಮುಗಿದ ಮೇಲೆ ಇಬ್ಬರು ಬಂದು 'ಸರ್, ಇದು ನೀಟ್‌ಗೆ ಬರುತ್ತದೆಯೇ' ಎಂದು ಕೇಳುತ್ತಾರೆ.

ನೀಟ್‌ನಲ್ಲಿ 180 ಪ್ರಶ್ನೆ, 180 ನಿಮಿಷ. ಅಂದರೆ ಪ್ರಶ್ನೆಗೆ ಒಂದು ನಿಮಿಷ. ಆ ಒಂದು ನಿಮಿಷದಲ್ಲಿ ಸಂಶಯ ಪಡುವುದು ನಷ್ಟದ ಬಾಬತ್ತು. ಎರಡು ವರ್ಷ ಹಾಗೆಯೇ ಪಳಗಿಸಿ, ಆಮೇಲೆ ಮಕ್ಕಳಲ್ಲಿ ವಿಮರ್ಶಾ ಬುದ್ಧಿ ಇಲ್ಲ ಎಂದು ನಾವೇ ಭಾಷಣ ಮಾಡುತ್ತೇವೆ. ನಾನೂ ಮಾಡಿದ್ದೇನೆ, ಶಾಲು ಹೊದೆಸಿಕೊಂಡಿದ್ದೇನೆ.

ಶಾಲಾ ಮಕ್ಕಳ ಹೊರೆಯ ಬಗ್ಗೆ ಕೇಂದ್ರ ಸರ್ಕಾರ ನೇಮಿಸಿದ್ದ ಯಶಪಾಲ್ ಸಮಿತಿ 1993ರಲ್ಲೇ ಹೇಳಿತ್ತು. ಮಕ್ಕಳ ಬೆನ್ನಿನ ಚೀಲದ ಭಾರಕ್ಕಿಂತ ಅರ್ಥವಾಗದೆ ಉಳಿಯುವ ಪಾಠದ ಭಾರ ದೊಡ್ಡದು ಎಂಬ ಅರ್ಥದ ಮಾತು ಆ ವರದಿಯಲ್ಲಿದೆ. ಚೀಲ ತೂಗಲು ತಕ್ಕಡಿ ತಂದೆವು. ಇನ್ನೊಂದನ್ನು ತೂಗಲಿಲ್ಲ.

ಹಳೆಯ ಮಾಷ್ಟ್ರು | ಫೆಬ್ರವರಿ 10, ಬೆಳಗ್ಗೆ 5:45

ಸಾಲಿಗ್ರಾಮದ ಕಡೆಯ ನಿವೃತ್ತ ವಿಜ್ಞಾನ ಶಿಕ್ಷಕ. ಬೇಗ ಏಳುವ ಅಭ್ಯಾಸ.

ಇದೆಲ್ಲ ವಿದೇಶದಿಂದ ಬಂದ ಹೊಸ ಮೋಹ ಎಂದು ಯಾರಾದರೂ ಹೇಳುವ ಮೊದಲು ಎರಡು ಹಳೆಯ ಸಂಗತಿ ನೆನಪಿಸುತ್ತೇನೆ. ನಮ್ಮ ಕೋಟದವರೇ ಆದ ಶಿವರಾಮ ಕಾರಂತರು 1930ರ ದಶಕದಲ್ಲಿ ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಮರದಡಿ ಕೂರಿಸಿ, ಆಡಿಸಿ, ಕುಣಿಸಿ ಕಲಿಸುವ ಪ್ರಯೋಗ ಮಾಡಿದರು. ಮಕ್ಕಳಿಗಾಗಿ ವಿಶ್ವಕೋಶವನ್ನು ಒಬ್ಬರೇ ಕುಳಿತು ಬರೆದರು. ಪಾಠಪಟ್ಟಿಯ ಹೊರಗೆ ಮಗುವಿನ ಕುತೂಹಲಕ್ಕೆ ಓದಲು ಏನಾದರೂ ಬೇಕಲ್ಲ ಎಂಬ ಯೋಚನೆ ಅದರ ಹಿಂದೆ ಇತ್ತು.

ಇನ್ನೊಂದು ಹೋಶಂಗಾಬಾದ್. ಮಧ್ಯಪ್ರದೇಶದಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಶುರುವಾದ ವಿಜ್ಞಾನ ಕಲಿಕೆಯ ಕಾರ್ಯಕ್ರಮ. ಸರ್ಕಾರಿ ಶಾಲೆಯ ಮಕ್ಕಳು ಅಗ್ಗದ ಸಾಮಗ್ರಿಯಿಂದ ತಾವೇ ಪ್ರಯೋಗ ಮಾಡಿ ತಾವೇ ತೀರ್ಮಾನಕ್ಕೆ ಬರಬೇಕು. ಪರೀಕ್ಷೆಯೂ ಹಾಗೆಯೇ, ಪುಸ್ತಕ ತೆರೆದಿಟ್ಟುಕೊಂಡು ಬರೆಯಬಹುದು, ಪ್ರಯೋಗ ಮಾಡಿ ತೋರಿಸಬೇಕು. ಇಲ್ಲಿ ಮುಖ್ಯವಾದದ್ದು ಪರೀಕ್ಷೆಯನ್ನೂ ಬದಲಿಸಿದರು ಎಂಬುದು. ಕಲಿಸುವ ಕ್ರಮ ಬದಲಿಸಿ ಪರೀಕ್ಷೆಯನ್ನು ಹಾಗೆಯೇ ಬಿಟ್ಟರೆ ಶಿಕ್ಷಕ ಪರೀಕ್ಷೆಯ ಕಡೆಗೇ ವಾಲುತ್ತಾನೆ. ಮೂವತ್ತು ವರ್ಷ ನಡೆದ ಕಾರ್ಯಕ್ರಮವನ್ನು 2002ರಲ್ಲಿ ಅಲ್ಲಿನ ಸರ್ಕಾರವೇ ನಿಲ್ಲಿಸಿತು.

ನಾನು ಮೂವತ್ತಮೂರು ವರ್ಷ ಸೇವೆಯಲ್ಲಿದ್ದೆ. ಮಾರ್ಚ್ ಬಂದರೆ ನಾನೂ ನೀಲನಕ್ಷೆ ಹಿಡಿದು, ಯಾವ ಅಧ್ಯಾಯಕ್ಕೆ ಎಷ್ಟು ಅಂಕ ಎಂದು ಗುರುತು ಹಾಕಿ, ಹಿಂದುಳಿದವರಿಗೆ ಪಾಸಿಂಗ್ ಪ್ಯಾಕೇಜ್ ಕಟ್ಟಿಕೊಟ್ಟವನೇ. ಐದು ಚಿತ್ರ, ಹತ್ತು ವ್ಯಾಖ್ಯೆ, 35 ಅಂಕ ಗ್ಯಾರಂಟಿ. ಆ ಹುಡುಗರಲ್ಲಿ ಹಲವರು ಈಗ ಬಸ್ಸಿನಲ್ಲಿ ಸಿಕ್ಕಿದರೆ ಎದ್ದು ಸೀಟು ಕೊಡುತ್ತಾರೆ. ಕಣ್ಣಿನ ಚಿತ್ರದಲ್ಲಿ ಏನೇನು ಗುರುತಿಸಿದ್ದೆ ಎಂಬುದು ಅವರಿಗೂ ನೆನಪಿಲ್ಲ, ನನಗೂ ಬೇಡ.

ಮಗ್ಗಿಯ ವಿಷಯದಲ್ಲಿ ಇಂಜಿನಿಯರ್ ಸರಿ. ಮಗ್ಗಿ ಬಾಯಲ್ಲಿ ಇರಲಿ. ಮನೆಯಲ್ಲೇ ದಿನಕ್ಕೆ ಹತ್ತು ನಿಮಿಷ ಸಾಕು, ಅದಕ್ಕಾಗಿ ಶಾಲೆ ಬದಲಿಸಬೇಕಾಗಿಲ್ಲ.

ಅರ್ಥಧಾರಿ | ಫೆಬ್ರವರಿ 10, ಮಧ್ಯಾಹ್ನ 1:10

ಮಾಷ್ಟ್ರ ಮಾತಿಗೆ ಜೋಡಿಸುತ್ತೇನೆ. ನಮ್ಮೂರಲ್ಲಿ ಬಾಯಿಪಾಠ ಮತ್ತು ವಾದ ಎರಡೂ ಒಂದೇ ವೇದಿಕೆಯ ಮೇಲೆ ಕೂರುತ್ತವೆ, ತಾಳಮದ್ದಳೆಯಲ್ಲಿ.

ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿ ಆ ಪದಕ್ಕೆ ಮಾತು ಕಟ್ಟಬೇಕು. ಬರೆದುಕೊಟ್ಟ ಸಂಭಾಷಣೆ ಎಂಬುದಿಲ್ಲ. ಎದುರಿನವನು ಏನು ಕೇಳುತ್ತಾನೆಂದು ಮೊದಲೇ ಗೊತ್ತಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥ ಕೇಳಲು ಜನ ರಾತ್ರಿಯಿಡೀ ಕುಳಿತದ್ದು ಕತೆ ಗೊತ್ತಿಲ್ಲ ಎಂದಲ್ಲ, ಇಂದು ವಾದ ಯಾವ ದಾರಿ ಹಿಡಿಯುತ್ತದೆ ಎಂದು ನೋಡಲು.

ನಾನು ಶನಿವಾರ ಪ್ರೌಢಶಾಲೆಯ ಮಕ್ಕಳಿಗೆ ಹೇಳಿಕೊಡುತ್ತೇನೆ. ವಾಲಿ ವಧೆಯ ಪ್ರಸಂಗ. ಒಂಬತ್ತನೆಯ ತರಗತಿಯ ಹುಡುಗಿ ವಾಲಿ. ರಾಮನಾಗಿದ್ದ ಹುಡುಗ 'ನೀನು ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು, ಮೇಲಾಗಿ ಕಪಿ, ಬೇಟೆಯ ಪ್ರಾಣಿಯನ್ನು ಮರೆಯಿಂದ ಕೊಲ್ಲಬಹುದು' ಎಂದ. ಅವಳು ಕೇಳಿದಳು, 'ಕಪಿಗೆ ಮನುಷ್ಯರ ಧರ್ಮ ಅನ್ವಯಿಸುವುದಾದರೆ ಯುದ್ಧದ ಧರ್ಮವೂ ಅನ್ವಯಿಸಬೇಕು. ಅನ್ವಯಿಸದಿದ್ದರೆ ನನ್ನ ತಪ್ಪು ಯಾವುದು? ಎರಡರಲ್ಲಿ ಒಂದನ್ನು ಹೇಳು.' ಹುಡುಗ ಬೆವರಿದ. ನಾನೂ ಸ್ವಲ್ಪ ಬೆವರಿದೆ.

ಆ ಹುಡುಗಿಗೆ ಪ್ರಸಂಗದ ಪದಗಳೆಲ್ಲ ಕಂಠಪಾಠ. ಕಂಠಪಾಠ ಇದ್ದುದರಿಂದಲೇ ಬಿರುಕು ಎಲ್ಲಿದೆ ಎಂದು ಅವಳಿಗೆ ಕಂಡಿತು. ಹಾಗೆಂದು ಕಂಠಪಾಠ ಮಾಡಿಸಿ ಅಲ್ಲಿಗೇ ನಿಲ್ಲಿಸಿದ್ದರೆ ಅವಳು ಪದ ಒಪ್ಪಿಸಿ ಚಪ್ಪಾಳೆ ತೆಗೆದುಕೊಂಡು ಹೋಗುತ್ತಿದ್ದಳು.

ಕುದ್ರೋಳಿ ಓದುಗಿ | ಫೆಬ್ರವರಿ 10, ಮಧ್ಯಾಹ್ನ 2:02

ಚೆನ್ನಾಗಿದೆ, ಆದರೆ ಎಷ್ಟು ವಾದಿಸಿದರೂ ಕೊನೆಗೆ ವಾಲಿ ಸಾಯಲೇಬೇಕಲ್ಲ? ಉತ್ತರ ಮೊದಲೇ ತೀರ್ಮಾನವಾದ ಪ್ರಶ್ನೆಯನ್ನು ವಿಮರ್ಶೆ ಎನ್ನಬಹುದೇ? ನಮ್ಮ ಶಾಲೆಗಳ 'ಚಟುವಟಿಕೆ'ಗಳೂ ಹೀಗೇ. ಮಕ್ಕಳು ಚರ್ಚಿಸಿ, ಕೊನೆಗೆ ಟೀಚರ್ ಮೊದಲೇ ಬೋರ್ಡಿನ ಹಿಂದೆ ಬರೆದಿಟ್ಟ ಉತ್ತರಕ್ಕೇ ಬರಬೇಕು.

ಅರ್ಥಧಾರಿ | ಫೆಬ್ರವರಿ 10, ಮಧ್ಯಾಹ್ನ 2:30

ಅಕ್ಕಾ, ಈ ಬಾಣ ನೇರ ಎದೆಗೆ ಬಂತು, ಮರೆಯಿಂದ ಅಲ್ಲ. ಒಪ್ಪಿದೆ. ವಾಲಿ ಸಾಯುತ್ತಾನೆ. ಆದರೆ ಆ ದಿನ ರಾಮ ಗೆದ್ದನೆಂದು ಸಭೆಯಲ್ಲಿ ಯಾರೂ ಅಂದುಕೊಳ್ಳಲಿಲ್ಲ, ಅಷ್ಟನ್ನು ಉಳಿಸಿಕೊಳ್ಳುತ್ತೇನೆ.

ಕುದ್ರೋಳಿ ಓದುಗಿ | ಫೆಬ್ರವರಿ 10, ಮಧ್ಯಾಹ್ನ 2:48

ಅಷ್ಟು ಬಿಟ್ಟುಕೊಟ್ಟೆ.

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ಪ್ರಶ್ನೆ ಹುಟ್ಟುವುದು ಯಾವ ಭಾಷೆಯಲ್ಲಿ? ನಮ್ಮ ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಬ್ಯಾರಿ, ಎದುರು ಮನೆಯಲ್ಲಿ ಕೊಂಕಣಿ. ನನ್ನ ಮಗ ಹಿಂದೆ ಓದುತ್ತಿದ್ದ ಶಾಲೆಯೊಂದರಲ್ಲಿ ಆವರಣದೊಳಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತನಾಡಿದರೆ ಹತ್ತು ರೂಪಾಯಿ ದಂಡ ಇತ್ತು. ಮನೆಯಲ್ಲಿ ದಿನಕ್ಕೆ ನೂರು ಸಲ 'ದಾಯೆ' (ಏಕೆ) ಎಂದು ತುಳುವಿನಲ್ಲಿ ಕೇಳುವ ಹುಡುಗ ಅಲ್ಲಿ ಮೂರು ವರ್ಷದಲ್ಲಿ ಒಂದು ಪ್ರಶ್ನೆ ಕೇಳಿದ್ದಾನೆ, ಅದೂ ಶೌಚಾಲಯಕ್ಕೆ ಹೋಗಲು. ಟೀಚರ್ 'ಬಹಳ ಶಾಂತ ಹುಡುಗ' ಎಂದು ವರದಿಯಲ್ಲಿ ಬರೆದಿದ್ದರು. ತುಳುವನ್ನು ನಮ್ಮ ಜಿಲ್ಲೆಗಳಲ್ಲಿ 2010ರಿಂದ ಮೂರನೆಯ ಭಾಷೆಯಾಗಿ ಓದಬಹುದು, ಸಂತೋಷ. ಆದರೆ ವಿಜ್ಞಾನದ ತರಗತಿಯಲ್ಲಿ ತುಳುವಿನಲ್ಲಿ ಸಂಶಯ ಕೇಳಬಹುದೇ?

ನಲಿಕಲಿ ಟೀಚರ್ | ಫೆಬ್ರವರಿ 10, ಸಂಜೆ 6:40

ನನ್ನ ತರಗತಿಯಲ್ಲಿ ಕೇಳಬಹುದು. ನಾನು ಮೂಲತಃ ಧಾರವಾಡದವಳು, ತುಳು ಕಲಿಸಿದ್ದೇ ಈ ಮಕ್ಕಳು. ನಾನು ತಪ್ಪಾಗಿ ಹೇಳಿದಾಗ ಅವರು ನಗುತ್ತಾರೆ. ಟೀಚರ್‌ಗೂ ತಪ್ಪುತ್ತದೆ ಎಂದು ಗೊತ್ತಾದ ಮೇಲೆ ಅವರು ಬಾಯಿ ಬಿಡುವುದು ಹೆಚ್ಚಾಯಿತು.

ಕೆಮ್ಮಣ್ಣಿನವ | ಫೆಬ್ರವರಿ 14, ರಾತ್ರಿ 9:15

ಎಲ್ಲರಿಗೂ ಧನ್ಯವಾದ. ಟೀಚರ್ ಹೇಳಿದಂತೆ ಶಾಲೆಗೆ ಹೋಗಿ ಕೇಳಿದೆ. ಮಗಳ ಟೀಚರ್ ಒಂದು ದಪ್ಪ ಪುಸ್ತಕ ತೆರೆದು ತೋರಿಸಿದರು. ಅದರಲ್ಲಿ ನನ್ನ ಮಗಳ ಹೆಸರಿನ ಕೆಳಗೆ ಎರಡು ಪುಟ ಬರವಣಿಗೆ. ನನ್ನ ಅರಿವಿಗೆ ಬಾರದೆ ನಡೆದದ್ದನ್ನು ಚಿಕ್ಕದಾಗಿ ಹೇಳುತ್ತೇನೆ.

ಮೊದಲ ವಾರ 'ಉಪ್ಪು ಎಂದು ನಿನಗೆ ಹೇಗೆ ಗೊತ್ತು' ಎಂದು ಕೇಳಿದರಂತೆ. ನಾಲಿಗೆಗೆ ಗೊತ್ತು ಎಂದಳಂತೆ. 'ನಿನ್ನ ನಾಲಿಗೆಯನ್ನು ನಾನು ಹೇಗೆ ನಂಬಲಿ?' ಹಾಗಾಗಿ ಒಂದು ಲೀಟರ್ ನೀರು ಕುದಿಸಿ ಆರಿಸಿ, ತಳದಲ್ಲಿ ಉಳಿದದ್ದನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಳು. 2 ಗ್ರಾಂ. ಮರುದಿನ ಅದೇ ಬಾವಿ, 3 ಗ್ರಾಂ. ಮೂರನೆಯ ದಿನ ಮತ್ತೆ 2. ಬಾವಿ ದಿನವೂ ಬದಲಾಗುತ್ತಿದೆಯೋ, ತಕ್ಕಡಿ ಸುಳ್ಳು ಹೇಳುತ್ತಿದೆಯೋ? ಟೀಚರ್ ಉತ್ತರ ಹೇಳಲಿಲ್ಲ, ತಕ್ಕಡಿಯಲ್ಲಿ ಒಂದು ಚಿಟಿಕೆ ಉಪ್ಪು ಇಟ್ಟು ನೋಡು ಎಂದರು. ಇಟ್ಟಳು. ಸೊನ್ನೆ ತೋರಿಸಿತು. 1 ಗ್ರಾಂಗಿಂತ ಕಡಿಮೆಯನ್ನು ಅದು ಕಾಣುವುದೇ ಇಲ್ಲ.

ಆಗ ಅವಳೇ ಹೇಳಿದ ಉಪಾಯ: ಐದು ಲೀಟರ್ ಆರಿಸಿ, ಬಂದದ್ದನ್ನು ಐದರಿಂದ ಭಾಗಿಸುವುದು. ಇದು ನನಗೂ ಹೊಳೆದಿರಲಿಲ್ಲ. ಗ್ಯಾಸ್ ಖರ್ಚಾಗುತ್ತದೆ ಎಂದು ನನ್ನ ಅಮ್ಮ ಗದರಿ, ಕೊನೆಗೆ ತಾವೇ ಬಚ್ಚಲಿನ ಒಲೆಗೆ ಮಡಲು ಹಾಕಿ ಕೊಟ್ಟರು. ಐದು ಲೀಟರಿಗೆ ನಮ್ಮ ಬಾವಿ 11 ಗ್ರಾಂ, ಪಕ್ಕದ ಮನೆಯದು 2. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಇರುತ್ತದೆ ಎಂದು ಶಾಲೆಯ ಪುಸ್ತಕದಲ್ಲಿ ಓದಿ, ನಮ್ಮ ಬಾವಿ ಹದಿನಾರರಲ್ಲಿ ಒಂದು ಪಾಲು ಕಡಲು ಎಂದು ಊಟಕ್ಕೆ ಕುಳಿತಾಗ ಘೋಷಿಸಿದಳು. ಕೂಡಲೇ ತಾನೇ ಸಂಶಯಪಟ್ಟಳು, ಉಳಿದದ್ದೆಲ್ಲ ಉಪ್ಪೇ ಆಗಿರಬೇಕೇ ಎಂದು.

ಮಗ್ಗಿಯನ್ನೂ ಶುರು ಮಾಡಿದ್ದೇವೆ. 35ನ್ನು 2.2ರಿಂದ ಭಾಗಿಸಲು ಅರ್ಧ ಗಂಟೆ ಒದ್ದಾಡಿದ ಮೇಲೆ ಅವಳೇ ಕೇಳಿದ್ದು.

ಸುರತ್ಕಲ್ ಇಂಜಿನಿಯರ್ | ಫೆಬ್ರವರಿ 14, ರಾತ್ರಿ 9:40

ಉಪಕರಣದ ಮಿತಿಯನ್ನು ಹತ್ತು ವರ್ಷಕ್ಕೆ ಕಂಡುಕೊಂಡಿದ್ದಾಳೆ. ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ನಾವು ಮೊದಲು ಉತ್ತರ ಬರೆದು ಆಮೇಲೆ ಅಳತೆಗಳನ್ನು ತುಂಬುತ್ತಿದ್ದೆವು. ಇದನ್ನು ಇಲ್ಲಿ ಬರೆಯಬಾರದಿತ್ತೇನೋ.

ಆದರೂ ಒಂದು ಮಾತು. ಇಲ್ಲಿ ಟೀಚರ್ ಪ್ರತಿ ತಿರುವಿನಲ್ಲೂ ನಿಂತಿದ್ದರು. ನನ್ನ ಆಕ್ಷೇಪ ಹಾಗೆ ಜೊತೆಗೆ ನಿಲ್ಲದೆ ಮಕ್ಕಳನ್ನು ಬಿಟ್ಟುಬಿಡುವ ಶಾಲೆಗಳ ಬಗ್ಗೆ. ಅಂಥವೂ ಇವೆ, ಅಂಥವೇ ಹೆಚ್ಚು ಎಂದು ನನ್ನ ಅಂದಾಜು.

ಪಿಯು ಉಪನ್ಯಾಸಕ | ಫೆಬ್ರವರಿ 14, ರಾತ್ರಿ 10:20

ಇದನ್ನು ಒಪ್ಪಲೇಬೇಕು. ಒಬ್ಬ ಟೀಚರ್ ಎರಡೆರಡು ಪುಟ ಬರೆದಿಡಬೇಕಾದರೆ ತರಗತಿಯಲ್ಲಿ ಎಷ್ಟು ಮಕ್ಕಳಿರಬಹುದು? ಶಿಕ್ಷಣ ಹಕ್ಕು ಕಾಯ್ದೆ ಕಿರಿಯ ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕ ಎನ್ನುತ್ತದೆ. ನನ್ನ ಒಂದು ವಿಭಾಗದಲ್ಲೇ 80 ಮಂದಿ. ಹೆಸರು ನೆನಪಾಗುವ ಹೊತ್ತಿಗೆ ವರ್ಷ ಮುಗಿದಿರುತ್ತದೆ.

ಸ್ಟೇಷನರಿ ಅಂಗಡಿ | ಫೆಬ್ರವರಿ 15, ಬೆಳಗ್ಗೆ 10:00

0.1 ಗ್ರಾಂ ತೋರಿಸುವ ತಕ್ಕಡಿ ನಮ್ಮಲ್ಲಿ ಇದೆ. ಹುಡುಗಿಗೆ ಬೇಕಿದ್ದರೆ ಒಂದು ವಾರಕ್ಕೆ ಕೊಡುತ್ತೇನೆ, ಬಾಡಿಗೆ ಬೇಡ. ವರದಿ ಮಾತ್ರ ನನ್ನ ಕೈಯಲ್ಲಿ ಬರೆಸಬೇಡಿ.

ಹಳೆಯ ಮಾಷ್ಟ್ರು | ಫೆಬ್ರವರಿ 15, ಬೆಳಗ್ಗೆ 11:30

ಅಜ್ಜಿಯನ್ನು ಕೇಳಲು ಹೇಳಿ. ಅರುವತ್ತು ವರ್ಷ ಆ ಬಾವಿಯಿಂದ ನೀರು ಸೇದಿದವರು. ಕಿಂಡಿಗಳಿಗೆ ಹಲಗೆ ಹಾಕಿ ಕಡಲ ನೀರು ನದಿಯಲ್ಲಿ ಮೇಲೇರದಂತೆ ತಡೆಯುವ ಕಿಂಡಿ ಅಣೆಕಟ್ಟಿಗೂ ಒಮ್ಮೆ ಕರೆದುಕೊಂಡು ಹೋಗಿ. ಎರಡು ಸಾಲು ಹಲಗೆಯ ನಡುವೆ ಮಣ್ಣು ತುಂಬುವುದು ಏಕೆ ಎಂದು ಅವಳೇ ಕೇಳಲಿ.

ಕೆಮ್ಮಣ್ಣಿನವ | ಮಾರ್ಚ್ 8, ರಾತ್ರಿ 8:50

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಮಾಷ್ಟ್ರು ಹೇಳಿದಂತೆ ಎರಡನ್ನೂ ಮಾಡಿದೆವು.

ಕಿಂಡಿ ಅಣೆಕಟ್ಟಿನಲ್ಲಿ ಒಂದು ಕಿಂಡಿಯ ಮಣ್ಣು ತೊಳೆದುಹೋಗಿ, ಉಬ್ಬರದ ಹೊತ್ತಿಗೆ ನೀರು ಮೇಲಕ್ಕೆ ಜಿನುಗುತ್ತಿತ್ತು. ಮಗಳು ಮತ್ತು ಅವಳ ಇಬ್ಬರು ಗೆಳತಿಯರು ಅಣೆಕಟ್ಟಿನ ಎರಡೂ ಬದಿಯ ನೀರನ್ನು ಬಾಟಲಿಯಲ್ಲಿ ತಂದರು. ತಕ್ಕಡಿ ಅಂಗಡಿಯವರಿಂದ ಬಂತು, ಧನ್ಯವಾದ. ಮೂವರೂ ಸೇರಿ ಪಂಚಾಯತ್‌ಗೆ ಒಂದು ಪತ್ರ ಬರೆದಿದ್ದಾರೆ. ಮಕ್ಕಳ ಗ್ರಾಮಸಭೆ ಈ ವರ್ಷದ್ದು ಮುಗಿದಿದೆಯಂತೆ, ಮುಂದಿನ ವರ್ಷದವರೆಗೆ ಕಾಯಲು ಅವರು ಸಿದ್ಧರಿಲ್ಲ.

ಆದರೆ ಅಣೆಕಟ್ಟಿನಿಂದ ಪೂರ್ತಿ ಉತ್ತರ ಸಿಗಲಿಲ್ಲ. ಅಲ್ಲಿಂದ ಉಪ್ಪು ಬರುವುದಾದರೆ ಪಕ್ಕದ ಮನೆಯ ಬಾವಿಗೂ ಬರಬೇಕಲ್ಲ, ಎರಡರ ನಡುವೆ ಇರುವುದು ನಲವತ್ತು ಹೆಜ್ಜೆ. ಅಜ್ಜಿಯ ಬಳಿ ಕುಳಿತಳು. ಅಜ್ಜಿ ಹೇಳಿದ್ದು, ತಾನು ಮದುವೆಯಾಗಿ ಬಂದಾಗ ಈ ಬಾವಿಯ ನೀರು ಬೇಸಿಗೆಯಲ್ಲೂ ಸಿಹಿಯೇ ಇತ್ತು, ಆಗ ರಾಟೆಯಲ್ಲಿ ಸೇದುತ್ತಿದ್ದೆವು ಎಂದು. ಪಕ್ಕದ ಮನೆಯಲ್ಲಿ ವಯಸ್ಸಾದ ದಂಪತಿ ಇಬ್ಬರೇ, ಅವರು ಇಂದಿಗೂ ರಾಟೆ ಹಗ್ಗದವರು. ಮಗಳು ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಮರುದಿನ ಓಣಿಯ ಒಂಬತ್ತು ಮನೆಗೆ ಹೋಗಿ ಯಾರ ಬಾವಿಗೆ ಪಂಪ್ ಇದೆ, ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ, ನೀರು ಯಾವ ತಿಂಗಳು ಉಪ್ಪಾಗುತ್ತದೆ ಎಂದು ಕೇಳಿಕೊಂಡು ಬಂದಳು. ನಾನು ತೆಂಗಿನ ತೋಟಕ್ಕೆ ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಪಂಪ್ ಬಿಡುತ್ತೇನೆ.

ಇಂಜಿನಿಯರ್ ಅವರೇ, ನೀವು ಅಂದು ಅರ್ಧಕ್ಕೆ ನಿಲ್ಲಿಸಿದ ವಾಕ್ಯ ಏನಿರಬಹುದೆಂದು ನನಗೆ ಈಗ ಅಂದಾಜಾಗಿದೆ. ಅವಳಿಗೆ ಇನ್ನೂ ಪೂರ್ತಿ ಆಗಿಲ್ಲ. ನಿನ್ನೆ ಗಾಜಿನ ಲೋಟದಲ್ಲಿ ಬಣ್ಣ ಹಾಕಿದ ಉಪ್ಪುನೀರಿನ ಮೇಲೆ ಸಿಹಿನೀರನ್ನು ಚಮಚದಿಂದ ಮೆಲ್ಲಗೆ ಬಿಟ್ಟು, ಮೇಲಿನಿಂದ ಸ್ಟ್ರಾದಲ್ಲಿ ಹೀರಿ ನೋಡುತ್ತಿದ್ದಳು. ಮೆಲ್ಲಗೆ ಹೀರಿದರೆ ಬಣ್ಣ ಕೆಳಗೇ ಇತ್ತು. ಜೋರಾಗಿ ಹೀರಿದಾಗ ಸ್ಟ್ರಾದ ಕೆಳಗೆ ಬಣ್ಣ ಗೋಪುರದಂತೆ ಮೇಲೆದ್ದಿತು. ಒಂದು ನಿಮಿಷ ಅದನ್ನೇ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

ನಮ್ಮ ಮನೆಗೆ ಪಂಪ್ ಹಾಕಿಸಿದ್ದು ಯಾವ ವರ್ಷ ಎಂದು ಕೇಳಿದ್ದಾಳೆ. ನನಗೆ ಸರಿಯಾಗಿ ನೆನಪಿಲ್ಲ ಎಂದರೆ, ಬಿಲ್ಲು ಇದೆಯೇ ಎಂದಳು. ಹುಡುಕುತ್ತಿದ್ದೇನೆ.